ಬೇಗ ಮಲಗುವ ಸೊಸೆ

ಕಾರ್ಕಳದ ನಮ್ಮ ಬೀದಿಯಲ್ಲಿ ನನಗೊಂದು ಹೆಸರಿತ್ತು: ಬೇಗ ಮಲಗುವ ಸೊಸೆ. ಅದೇನೂ ಹೊಗಳಿಕೆಯಲ್ಲ. ಕೆಲಸಗಳ್ಳಿ, ಜಂಬದವಳು, ಸಂಬಳ ತರುತ್ತೇನೆಂಬ ಸೊಕ್ಕಿನವಳು ಎಂಬುದೆಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುವ ಹೆಸರು. ನಾನು ಅದನ್ನು ಅಲ್ಲಗಳೆಯಲಿಲ್ಲ. ಈಗಲೂ ಅಲ್ಲಗಳೆಯುವುದಿಲ್ಲ. ಆ ಹೆಸರು ಗಳಿಸಲು ಪಟ್ಟ ಪಾಡನ್ನು ನಾನು ಬಿ.ಎ. ಪದವಿಗೂ ಪಟ್ಟಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಕಾಪುವಿನಲ್ಲಿ, ಮೀನುಗಾರರ ಮನೆಯಲ್ಲಿ. ಅಪ್ಪ ನಸುಕಿಗೇ ಕಡಲಿಗೆ ಹೋಗಿ ಮಧ್ಯಾಹ್ನ ಬಂದು ಮಲಗುತ್ತಿದ್ದರು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಪಾತ್ರೆಯ ಸದ್ದು ಕೂಡ ಆಗುವಂತಿರಲಿಲ್ಲ. ಯಾರಾದರೂ ಅಂಗಳದಲ್ಲಿ ದೊಡ್ಡ ದನಿ ತೆಗೆದರೆ ಅಮ್ಮ ಬಾಗಿಲಿಗೆ ಬಂದು ಕೈಸನ್ನೆಯಲ್ಲೇ ಅಟ್ಟುತ್ತಿದ್ದಳು. ದುಡಿದು ಬಂದವರ ನಿದ್ದೆ ಮುಟ್ಟಬಾರದ ವಸ್ತು ಎಂದು ನಾನು ಮಾತು ಕಲಿಯುವಾಗಲೇ ಕಲಿತಿದ್ದೆ. ನಾನಂತೂ ತಲೆ ನೆಲಕ್ಕೆ ತಾಗಿದರೆ ಸಾಕು, ಮಲಗುವವಳು. ಚಾಪೆಯೇ ಬೇಕೆಂದಿರಲಿಲ್ಲ, ಬಲೆಯ ರಾಶಿಯ ಮೇಲೂ ಮಲಗಿದ್ದುಂಟು.

ಉಡುಪಿಯಲ್ಲಿ ಓದಿ, ಟೀಚರ್ ಟ್ರೈನಿಂಗ್ ಮುಗಿಸಿ, ಪರ್ಕಳದ ಹತ್ತಿರದ ಒಂದು ಶಾಲೆಯಲ್ಲಿ ಕನ್ನಡ ಟೀಚರಾದೆ. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಕಾರ್ಕಳಕ್ಕೆ ಬಂದೆ. ನನ್ನ ಗಂಡ ಅಲ್ಲೇ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅತ್ತೆ ಇದ್ದರು, ಗಂಡನ ಅಣ್ಣ ಇದ್ದರು. ಅತ್ತೆಯನ್ನು ನಾವು ತುಳುವಿನಲ್ಲಿ ಮಾಮಿ ಎನ್ನುವುದು, ಗಂಡನ ಅಣ್ಣನನ್ನು ಭಾವ ಎನ್ನುವುದು. ಭಾವನ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಪೇಟೆಯಲ್ಲಿ ಅವರದೊಂದು ಬಟ್ಟೆ ಅಂಗಡಿ ಇತ್ತು.

ಅಂಗಡಿಯ ಬಾಗಿಲು ಬೀಳುವುದು ಕತ್ತಲಾದ ಸ್ವಲ್ಪ ಹೊತ್ತಿಗೇ. ಆದರೆ ಭಾವ ಮನೆಗೆ ಬರುತ್ತಿದ್ದದ್ದು ಊರೆಲ್ಲ ಮಲಗಿದ ಮೇಲೆ. ಪಕ್ಕದ ಟೈಲರ್ ಅಂಗಡಿಯ ಬೆಂಚಿನಲ್ಲಿ ಕೂತು ನಾಲ್ಕೈದು ಗೆಳೆಯರೊಂದಿಗೆ ಲೋಕದ ಸಮಾಚಾರವನ್ನೆಲ್ಲ ಇತ್ಯರ್ಥ ಮಾಡಿಯೇ ಏಳುವುದು ಅವರ ಕ್ರಮ. ಅವರು ಬಂದು, ಸ್ನಾನ ಮಾಡಿ, ಊಟಕ್ಕೆ ಕೂತು, ಎದ್ದ ಮೇಲೆ ಮಾಮಿ ಮತ್ತು ನಾನು ಉಣ್ಣಬೇಕು. ನನ್ನ ಗಂಡ ಮಾತ್ರ ಮೊದಲೇ ಉಂಡು ಮಲಗಬಹುದಿತ್ತು, ಗಂಡಸಾದ್ದರಿಂದ. ಕಾಯುವಾಗ ತೂಕಡಿಕೆ ಬಾರದಿರಲಿ ಎಂದು ಮಾಮಿ ಒಂದು ಚೊಂಬು ಗಟ್ಟಿ ಕಾಫಿ ಮಾಡಿಡುತ್ತಿದ್ದರು. ನಾನು ಕಾಫಿ ಕುಡಿಯುತ್ತ, ಹಾಸಿಗೆಯ ಮೇಲೆ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತ ಕಾಯುತ್ತಿದ್ದೆ.

ಮೊದಮೊದಲು ಅದರಲ್ಲಿ ಕಷ್ಟವೇನೂ ಕಾಣಲಿಲ್ಲ. ಹೊಸ ಮನೆ, ಹೊಸ ಕ್ರಮ. ಹೆಂಡತಿ ಸತ್ತ ಮನುಷ್ಯ, ಪಾಪ, ಬಿಸಿ ಬಿಸಿ ಬಡಿಸುವವರು ಬೇಡವೇ ಎಂದುಕೊಂಡೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ನಿದ್ದೆ ಹೊರಟುಹೋಗಿತ್ತು. ಉಂಡು ಪಾತ್ರೆ ತೊಳೆದು ಮಲಗಿದರೆ ಕಣ್ಣು ಮುಚ್ಚುತ್ತಿತ್ತು, ತಲೆ ಮುಚ್ಚುತ್ತಿರಲಿಲ್ಲ. ಬೆಳಗ್ಗೆ ಬಸ್ಸು ತಪ್ಪಿದರೆ? ಆ ಹುಡುಗನಿಗೆ ಅಂಕ ಕಡಿಮೆ ಹಾಕಿದೆನೇ? ಇಂಥವೇ ಯೋಚನೆಗಳು, ಬಾಲಕ್ಕೆ ಬಾಲ ಕಟ್ಟಿಕೊಂಡು ಬರುತ್ತಿದ್ದವು. ಆಮೇಲೆ ನಿದ್ದೆ ಬರುವುದಿಲ್ಲ ಎಂಬ ಯೋಚನೆಯೇ ದೊಡ್ಡದಾಯಿತು. ಸಂಜೆ ಹಾಸಿಗೆಯನ್ನು ಕಂಡರೇ ಎದೆ ಹೊಡೆದುಕೊಳ್ಳುತ್ತಿತ್ತು.

ಸಂಗತಿ ತಿಳಿದದ್ದೇ ಎಲ್ಲರೂ ವೈದ್ಯರಾದರು. ಜಾಯಿಕಾಯಿ ತೇದು ಹಾಲಿಗೆ ಹಾಕಿ ಕುಡಿದೆ. ಒಂದೆಲಗದ ಎಣ್ಣೆ ತಲೆಗೆ ತಟ್ಟಿದರು, ಶಾಲೆಯಲ್ಲಿ ಮಕ್ಕಳು ಮೂಗು ಮುಚ್ಚಿಕೊಂಡರು. ಕೈಗೊಂದು ಕಪ್ಪು ನೂಲು ಬಂತು. ಪಕ್ಕದ ಮನೆಯಾಕೆ, "ಒಂದು ಮಗು ಆದ್ರೆ ಎಲ್ಲ ಸರಿ ಆಗ್ತದೆ ಮಾರಾಯ್ತಿ" ಎಂದಳು. ಮಗುವಾದರೆ ನಿದ್ದೆ ಬರುತ್ತದೆಂದು ಹೇಳುವವರು ಎಂದಾದರೂ ಮಗುವನ್ನು ಕಂಡಿದ್ದಾರೆಯೇ ಎಂದು ನಾನು ಕೇಳಬೇಕಿತ್ತು. ಇಷ್ಟೆಲ್ಲ ಮದ್ದು ಹೇಳಿದವರಲ್ಲಿ ಒಬ್ಬರಿಗಾದರೂ, "ಈ ಹುಡುಗಿಯನ್ನು ಬೇಗ ಮಲಗಲು ಬಿಡಿ" ಎಂದು ಹೇಳಲು ತೋಚಲಿಲ್ಲ.

ಕೊನೆಗೆ ಊರಿನ ಒಬ್ಬ ಡಾಕ್ಟರು ಸಣ್ಣ ಬಿಳಿ ಮಾತ್ರೆ ಕೊಟ್ಟರು. ನಿದ್ದೆ ಬಂತು, ನಿಜ. ಆದರೆ ಬೆಳಗಾದರೂ ಅದು ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಹಿರಿಯಡ್ಕ ದಾಟಿದ್ದು ಗೊತ್ತಾಗುತ್ತಿರಲಿಲ್ಲ. ಎಷ್ಟೋ ಸಲ ಪರ್ಕಳದಲ್ಲಿ ಇಳಿಯುವ ಬದಲು ಮಣಿಪಾಲದಲ್ಲಿ ಎಚ್ಚರವಾಗಿ, ಹಿಂದಕ್ಕೆ ನಡೆದು ಬಂದಿದ್ದೇನೆ.

ಒಂದು ದಿನ ಊಟದ ಬಿಡುವಿನ ನಂತರ ಏಳನೆಯ ತರಗತಿಗೆ ಪ್ರಬಂಧ ಬರೆಯಲು ಹೇಳಿ ಕುರ್ಚಿಯಲ್ಲಿ ಕೂತೆ. ಆಮೇಲೆ ಆದದ್ದು ನನಗೆ ಗೊತ್ತಿಲ್ಲ, ಮಕ್ಕಳು ಹೇಳಿ ತಿಳಿದದ್ದು. ನಾನು ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟೆ. ಯಾವಾಗಲೂ ಸಂತೆಯ ಹಾಗೆ ಗದ್ದಲ ಮಾಡುವ ತರಗತಿ ಅದು. ಅಂದು ಒಬ್ಬರೂ ಉಸಿರೆತ್ತಲಿಲ್ಲ. ಪೆನ್ನು ಬಿದ್ದರೆ ಬಾಗಿ ತೆಗೆಯದೆ ಹಾಗೇ ಬಿಟ್ಟರಂತೆ. ಆ ತರಗತಿಯಿಂದ ಸದ್ದೇ ಇಲ್ಲವೆಂದು ಹೆಡ್ಮಾಸ್ಟರು ಸಂಶಯಪಟ್ಟು ನೋಡಲು ಬಂದರು. ಮುಂದಿನ ಬೆಂಚಿನ ಒಬ್ಬ ಹುಡುಗಿ ತುಟಿಯ ಮೇಲೆ ಬೆರಳಿಟ್ಟು, "ಶ್... ಟೀಚರ್ ಮಲಗಿದ್ದಾರೆ ಸಾರ್" ಎಂದಳಂತೆ.

ಹೆಡ್ಮಾಸ್ಟರು ನನ್ನನ್ನು ಕೋಣೆಗೆ ಕರೆಸಿದರು. ಒಳ್ಳೆಯ ಮನುಷ್ಯ, ಆದರೆ ಕುಟುಕುವ ನಾಲಗೆ.

"ಎಂತ ಟೀಚರ್, ಮನೆಯಲ್ಲಿ ಮಲಗ್ಲಿಕ್ಕೆ ಜಾಗ ಇಲ್ವಾ?"

"ಜಾಗ ಉಂಟು ಸಾರ್, ಹೊತ್ತಿಲ್ಲ" ಎಂದೆ.

ಅದುವರೆಗೆ ನಾನು ಯಾರ ಹತ್ತಿರವೂ ಹಾಗೆ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡಿರಲಿಲ್ಲ. ಅವರ ಮುಖ ಸ್ವಲ್ಪ ಮೆತ್ತಗಾಯಿತು. "ಮಣಿಪಾಲದಲ್ಲಿ ಯಾರಿಗಾದ್ರೂ ತೋರಿಸಿ. ಇನ್ನೊಮ್ಮೆ ಹೀಗಾದ್ರೆ ನಾನು ಆಡಳಿತದವರಿಗೆ ಹೇಳಬೇಕಾಗ್ತದೆ" ಎಂದರು.

ಆ ಸಂಜೆಯೇ ಮಣಿಪಾಲಕ್ಕೆ ಹೋದೆ. ಅಲ್ಲಿ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ ಒಬ್ಬ ಹೆಂಗಸು ಡಾಕ್ಟರಿದ್ದರು. ಉದ್ಯಾವರ ಕಡೆಯ ಕ್ರಿಶ್ಚಿಯನ್ ಮನೆತನದವರು, ತಲೆ ನರೆತಿತ್ತು, ಕೊಂಕಣಿಯ ರಾಗದಲ್ಲಿ ನಿಧಾನವಾಗಿ ಕನ್ನಡ ಮಾತಾಡುತ್ತಿದ್ದರು. ನನ್ನ ನಾಡಿ ನೋಡಿದರು, ಕಣ್ಣು ನೋಡಿದರು. ಆಮೇಲೆ ನನ್ನ ಒಂದು ದಿನ ಹೇಗೆ ಕಳೆಯುತ್ತದೆಂದು ಬೆಳಗಿನಿಂದ ರಾತ್ರಿಯವರೆಗೆ ಹೇಳಿಸಿದರು. ಕಾಫಿಯ ಚೊಂಬಿನ ಮಾತು ಬಂದಾಗ ನಕ್ಕುಬಿಟ್ಟರು.

"ನಿದ್ದೆಯನ್ನು ಓಡಿಸ್ಲಿಕ್ಕೆ ಕಾಫಿ, ಕರೀಲಿಕ್ಕೆ ಮಾತ್ರೆ. ಎರಡೂ ನೀವೇ ತಗೊಳ್ಳುವುದು. ಪಾಪ, ಅದು ಎಲ್ಲಿಗೆ ಹೋಗ್ಬೇಕು ಹೇಳಿ?"

ಮಾತ್ರೆಯನ್ನು ಅರ್ಧ ಮಾಡಿ, ಆಮೇಲೆ ಕಾಲು ಮಾಡಿ, ಆಮೇಲೆ ಬಿಡಬೇಕು ಎಂದರು. ಮಧ್ಯಾಹ್ನದ ಮೇಲೆ ಕಾಫಿಯೂ ಬೇಡ, ಚಹವೂ ಬೇಡ. ಕತ್ತಲಾದ ಕೂಡಲೇ ಹಗುರ ಊಟ. "ಹಾಸಿಗೆ ಇರುವುದು ಮಲಗ್ಲಿಕ್ಕೆ. ಪೇಪರ್ ತಿದ್ದಲಿಕ್ಕಲ್ಲ, ಯೋಚನೆ ಮಾಡ್ಲಿಕ್ಕೂ ಅಲ್ಲ. ಮಲಗಿ ನಿದ್ದೆ ಬರ್ಲಿಲ್ಲ ಅಂದ್ರೆ ಒದ್ದಾಡ್ಬೇಡಿ, ಎದ್ದು ಬನ್ನಿ. ಮಂದ ಬೆಳಕಲ್ಲಿ ಸುಮ್ಮನೆ ಕೂತ್ಕೊಳ್ಳಿ. ಕಣ್ಣು ಎಳೆದಾಗ ಮತ್ತೆ ಹೋಗಿ ಮಲಗಿ. ರಾತ್ರಿ ಎಷ್ಟೇ ಕೆಟ್ಟದಾಗ್ಲಿ, ಬೆಳಗ್ಗೆ ದಿನಾ ಏಳುವ ಹೊತ್ತಿಗೇ ಏಳ್ಬೇಕು. ಹಗಲು ತೂಕಡಿಸ್ಬಾರ್ದು. ಬಸ್ಸಲ್ಲಿ ಕೂಡ."

"ಬೇಗ ಮಲಗ್ಲಿಕ್ಕೆ ಮನೆಯಲ್ಲಿ ಬಿಡುವುದಿಲ್ಲ ಡಾಕ್ಟ್ರೇ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದಕ್ಕೆ ನನ್ನತ್ರ ಮದ್ದಿಲ್ಲಮ್ಮ. ಅದನ್ನು ನೀವೇ ಮಾಡ್ಬೇಕು."

ಮನೆಗೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಖಾಲಿ ಸೀಟು ಇತ್ತು. ಕಂಡಕ್ಟರು, "ಕೂತ್ಕೊಳ್ಳಿ ಟೀಚರ್, ಸೀಟು ಉಂಟಲ್ಲ" ಎಂದ. "ಬೇಡ, ನಿಲ್ಲಲಿಕ್ಕೆ ಡಾಕ್ಟರ್ ಹೇಳಿದ್ದಾರೆ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಂದೆ ಹೋದ. ಆ ದಾರಿಯುದ್ದಕ್ಕೂ ನನ್ನೊಳಗೆ ಒಂದು ಸಿಟ್ಟು ಏರುತ್ತಿತ್ತು. ನನಗಾದದ್ದು ಕಾಯಿಲೆಯಲ್ಲ, ಒಬ್ಬ ಮನುಷ್ಯನ ಹರಟೆಗೆ ನಾನು ತೆರುತ್ತಿದ್ದ ತೆರಿಗೆ ಎಂದು ಅಂದು ಅರ್ಥವಾಯಿತು.

ಆ ರಾತ್ರಿ ಕಾಫಿ ಬೇಡವೆಂದೆ. ಅನ್ನ ಆದ ಕೂಡಲೇ ಗಂಡನಿಗೆ ಬಡಿಸಿ, ಅವರ ಪಕ್ಕದಲ್ಲೇ ನನಗೊಂದು ಬಟ್ಟಲಿಟ್ಟು ಕೂತೆ. ಮಾಮಿ ಸೌಟು ಹಿಡಿದವರು ಹಾಗೇ ನಿಂತರು.

"ಇದೆಂತದ್ದು? ದೊಡ್ಡವನು ಉಣ್ಣುವ ಮೊದಲೇ ನೀನು ಉಣ್ಣುವುದಾ?"

"ಹೌದು ಮಾಮಿ. ನಾಳೆಯಿಂದ ದಿನಾ ಹೀಗೇ. ನೀವೂ ಕೂತ್ಕೊಳ್ಳಿ. ಭಾವನಿಗೆ ಬೇಕಾದ್ದನ್ನೆಲ್ಲ ಮುಚ್ಚಿಡ್ತೇನೆ."

"ತಣ್ಣಗಿನ ಅನ್ನ ತಿನ್ಬೇಕಾ ಅವನು? ಅವನಿಗೆ ಹೆಂಡತಿ ಇಲ್ಲ ಅಂತ ಅಲ್ವಾ ನಿನಗೆ ಈ ಧೈರ್ಯ?"

"ಅವರು ಬೇಗ ಬಂದ್ರೆ ಬಿಸಿ ಬಿಸಿ ಬಡಿಸ್ತೇನೆ. ಟೈಲರ್ ಅಂಗಡಿಯ ಬೆಂಚಿಗಾಗಿ ನಾನು ಎಚ್ಚರ ಇರುವುದಿಲ್ಲ."

ನನ್ನ ಗಂಡ ತಲೆ ಎತ್ತದೆ ಉಣ್ಣುತ್ತಿದ್ದರು. ಊಟವಾದ ಮೇಲೆ ನನ್ನ ಬಟ್ಟಲನ್ನೂ ಎತ್ತಿಕೊಂಡು ಹೋಗಿ ಬಾವಿಕಟ್ಟೆಯಲ್ಲಿ ತೊಳೆದಿಟ್ಟರು. ಆ ಮನೆಯಲ್ಲಿ ಗಂಡಸೊಬ್ಬರು ಬಟ್ಟಲು ತೊಳೆದದ್ದು ಅದೇ ಮೊದಲು. ಮಾಮಿ ಅದನ್ನು ನೋಡಿ ಸೌಟನ್ನು ಸಾರಿನ ಪಾತ್ರೆಯೊಳಗೆ ಬಿಟ್ಟುಬಿಟ್ಟರು.

ನಾನು ಬಾಗಿಲು ಹಾಕಿಕೊಂಡು ಮಲಗಿದೆ. ನಿದ್ದೆ ಬಂತೇ? ಇಲ್ಲ. ಒಂದು ಚೂರೂ ಬರಲಿಲ್ಲ. ಜಗಳ ಮಾಡಿ ಬಂದು ಮಲಗಿದವರಿಗೆ ನಿದ್ದೆ ಎಲ್ಲಿಂದ ಬರಬೇಕು? ಡಾಕ್ಟರು ಹೇಳಿದ ಹಾಗೆ ಎದ್ದು ಬಂದು ಜಗಲಿಯಲ್ಲಿ ಕೂತೆ. ಮಾಮಿ ಅಲ್ಲಿ ಒಬ್ಬರೇ ಕಾಫಿಯ ಚೊಂಬಿನೊಂದಿಗೆ ಮಗನಿಗಾಗಿ ಕಾಯುತ್ತಿದ್ದರು. ನನ್ನನ್ನು ಕಂಡದ್ದೇ ಅವರ ಮುಖ ಅರಳಿತು.

"ಎಂತ, ನಿದ್ದೆ ಬರ್ಲಿಲ್ವಾ?"

"ಇಲ್ಲ ಮಾಮಿ."

"ಮತ್ತೆ ಬಂದೆಯಲ್ಲ ಕಾಯ್ಲಿಕ್ಕೆ!"

"ನಾನು ಕಾಯುವುದಲ್ಲ. ಸುಮ್ಮನೆ ಕೂತದ್ದು" ಎಂದೆ.

ಇಬ್ಬರೂ ಪಕ್ಕಪಕ್ಕದಲ್ಲಿ ಕೂತಿದ್ದೆವು, ಒಬ್ಬರು ಕಾಯುತ್ತ, ಇನ್ನೊಬ್ಬರು ಕಾಯದೆ. ಗೇಟಿನ ಸದ್ದಾದಾಗ ನಾನು ಎದ್ದು ಕೋಣೆಗೆ ಹೋದೆ. ಬಡಿಸಲಿಲ್ಲ. ಅಂದು ಬಡಿಸಿದ್ದರೆ ಬದುಕಿಡೀ ಬಡಿಸಬೇಕಾಗುತ್ತಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನ ವಾರಗಳು ಸುಲಭವಾಗಿರಲಿಲ್ಲ. ಮಾತ್ರೆ ಕಡಿಮೆ ಮಾಡಿದ್ದರಿಂದ ಮೊದಲಿಗಿಂತಲೂ ಕಡಿಮೆ ನಿದ್ದೆ. ಹಟಕ್ಕೆ ಬಿದ್ದವಳಂತೆ ಬೆಳಗ್ಗೆ ಅದೇ ಹೊತ್ತಿಗೆ ಏಳುತ್ತಿದ್ದೆ. ಪರ್ಕಳಕ್ಕೆ ಒಂದು ಸ್ಟಾಪು ಮೊದಲೇ ಇಳಿದು ಬಿಸಿಲಲ್ಲಿ ಶಾಲೆಗೆ ನಡೆಯುತ್ತಿದ್ದೆ. ಉತ್ತರ ಪತ್ರಿಕೆಗಳನ್ನು ಶಾಲೆಯಲ್ಲೇ ತಿದ್ದಿ ಮುಗಿಸಿ ಬರುತ್ತಿದ್ದೆ. ಕೋಣೆಯಲ್ಲಿದ್ದ ಗಡಿಯಾರವನ್ನು ಅಡುಗೆಮನೆಗೆ ಸಾಗಿಸಿದೆ. ಎಷ್ಟು ಹೊತ್ತಾಯಿತೆಂದು ನೋಡುವುದೇ ಒಂದು ಕಾಯಿಲೆಯಾಗಿತ್ತಲ್ಲ. "ಗಡಿಯಾರಕ್ಕೂ ಇವಳ ಹತ್ರ ಜಾಗ ಇಲ್ಲ" ಎಂದು ಮಾಮಿ ಪಕ್ಕದ ಮನೆಗೆ ಕೇಳುವಂತೆ ಹೇಳಿದರು.

ಭಾವ ನನ್ನೊಂದಿಗೆ ಮಾತು ಬಿಟ್ಟರು. ಕೆಲವು ದಿನ ಊಟವನ್ನೇ ಬಿಟ್ಟರು. ಊಟ ಬಿಟ್ಟದ್ದು ಎಂದರೆ ಮನೆಯ ಊಟ. ಪೇಟೆಯ ಹೋಟೆಲಿನಲ್ಲಿ ಪೂರಿ, ಬನ್ಸು ತಿಂದು ಬರುತ್ತಿದ್ದದ್ದು ಆಮೇಲೆ ಗೊತ್ತಾಯಿತು. ಕೊನೆಗೆ ಅವರು ಕಾಪುವಿಗೆ ಜನ ಕಳಿಸಿ ನನ್ನ ಅಪ್ಪನನ್ನು ಕರೆಸಿದರು.

ಅಪ್ಪ ಭಾನುವಾರ ಬಂದರು. ಬಾಳೆಲೆಯಲ್ಲಿ ಕಟ್ಟಿದ ಬಂಗುಡೆ ಮೀನು ತಂದಿದ್ದರು. ಜಗಲಿಯ ಕುರ್ಚಿಯ ತುದಿಯಲ್ಲಿ ಕೂತು ಭಾವ ಹೇಳಿದ್ದನ್ನೆಲ್ಲ ಕೇಳಿದರು. "ನಮ್ಮ ಮನೆಗೆ ಒಂದು ಮರ್ಯಾದೆ ಉಂಟು. ನಿಮ್ಮ ಮಗಳಿಗೆ ಹೇಳಿ" ಎಂದರು ಭಾವ. ಅಪ್ಪ ನನ್ನನ್ನು ಅಂಗಳಕ್ಕೆ ಕರೆದರು.

"ಸ್ವಲ್ಪ ಹೊಂದಿಕೊಂಡು ಹೋಗು ಮಗಾ. ನಿನ್ನ ಅಮ್ಮ ಹೋಗ್ಲಿಲ್ವಾ? ಒಂದು ದಿನವಾದ್ರೂ ನಿದ್ದೆ ಇಲ್ಲ ಅಂತ ಹೇಳಿದ್ದಾಳಾ?"

ಅಪ್ಪನಿಗೆ ನಾನು ಎದುರು ಮಾತಾಡಿದವಳಲ್ಲ. ಅಂದು ಆಡಿದೆ.

"ಅಪ್ಪ, ನೀವು ಮಲಗಿದಾಗ ಅಮ್ಮ ಬಾಗಿಲಲ್ಲಿ ಕಾವಲು ನಿಂತ ಹಾಗೆ ನಿಲ್ತಿದ್ದಳು. ಅವಳು ಮಲಗಿದಾಗ ಯಾರು ನಿಲ್ತಿದ್ದದ್ದು? ಬುಟ್ಟಿ ಹೊತ್ತು ಉದ್ಯಾವರದವರೆಗೆ ನಡೆದು ಮೀನು ಮಾರಿ ಬಂದವಳು ಅವಳು. ಅವಳಿಗೂ ಸುಸ್ತಾಗ್ತಿತ್ತು. ಅವಳು ಹೇಳ್ಲಿಲ್ಲ, ನೀವು ಕೇಳ್ಲಿಲ್ಲ. ನಾನು ಹೇಳ್ತೇನೆ. ನನಗೆ ನಿದ್ದೆ ಬೇಕು."

ಅಪ್ಪ ಒಳಗೆ ಹೋಗಿ, "ನಾನು ಹೇಳುವುದು ಹೇಳಿದೆ. ಅವಳು ಕೇಳುವ ಹಾಗೆ ಕಾಣುವುದಿಲ್ಲ" ಎಂದಷ್ಟೇ ಭಾವನಿಗೆ ಹೇಳಿ ಬಸ್ಸಿಗೆ ಹೊರಟರು. ಬೇಸರದಿಂದ ಹೋದರೋ ಒಪ್ಪಿ ಹೋದರೋ ನನಗೆ ಇವತ್ತಿಗೂ ತಿಳಿಯದು. ಮುಂದಿನ ಸಲ ಕಾಪುವಿಗೆ ಹೋದಾಗ ಅಮ್ಮ ಮಾತ್ರ ಮೀನು ಕೊಯ್ಯುತ್ತಾ, "ಎಂತ ಹೇಳಿದ್ದೆ ನೀನು ಅವರಿಗೆ? ಮಧ್ಯಾಹ್ನ ನನಗೇ ಮಲಗು ಮಲಗು ಅಂತಾರೆ, ಪೀಡೆ" ಎಂದು ಗೊಣಗಿದಳು.

ನಿದ್ದೆ ಬಂದದ್ದು ಯಾವ ದಿನವೆಂದು ಹೇಳಲಾರೆ. ಮಾತ್ರೆಯ ಡಬ್ಬಿ ಬರಿದಾಗಿ, ಹೊಸದು ತರಲು ಮರೆತುಹೋಗಿತ್ತು. ಮಳೆ ಹಿಡಿದಿತ್ತು. ಒಂದು ಬೆಳಗ್ಗೆ ಎದ್ದಾಗ, ರಾತ್ರಿ ಏನು ಯೋಚಿಸಿದೆ ಎಂದು ನೆನಪು ಮಾಡಿಕೊಳ್ಳಲು ಹೋದರೆ ಏನೂ ಇರಲಿಲ್ಲ. ಮಲಗಿದ್ದೆ, ಎದ್ದಿದ್ದೆ, ಅಷ್ಟೆ. ಬಾವಿಕಟ್ಟೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಒಬ್ಬಳೇ ನಕ್ಕೆ. ಬಸ್ಸಿನಲ್ಲಿ ಸೀಟು ಸಿಕ್ಕಿತು, ಕೂತೆ, ತೂಕಡಿಸಲಿಲ್ಲ. ಹಿರಿಯಡ್ಕದ ಹೊಳೆ ಎಷ್ಟು ತುಂಬಿ ಹರಿಯುತ್ತಿದೆಯೆಂದು ಆ ವರ್ಷ ಮೊದಲ ಸಲ ಕಂಡೆ. ಏಳನೆಯ ತರಗತಿಯವರು ಎಂಟಕ್ಕೆ ಹೋಗಿದ್ದರು. ನನ್ನ ದನಿ ಏರಿದ್ದನ್ನು ಕೇಳಿ, "ಟೀಚರ್ ಮಲಗಿದ್ದಾಗಲೇ ಒಳ್ಳೆಯದಿತ್ತು" ಎಂದು ಮಾತಾಡಿಕೊಂಡರಂತೆ.

ಹೋಟೆಲಿನ ಎಣ್ಣೆ ಭಾವನ ಹೊಟ್ಟೆಗೆ ಆಗಿಬರಲಿಲ್ಲ. ಹುಳಿತೇಗು, ಎದೆ ಉರಿ. ನಿಧಾನವಾಗಿ ಅವರು ಮನೆಯ ಊಟಕ್ಕೆ ಮರಳಿದರು, ಊಟದ ಹೊತ್ತಿಗೂ ಮರಳಿದರು. ನಾನು ಗೆದ್ದೆನೆಂದು ಅವರು ಒಪ್ಪಲಿಲ್ಲ. ಟೈಲರ್ ಅಂಗಡಿಯಲ್ಲಿ ಸೊಳ್ಳೆ ಜಾಸ್ತಿಯಾಗಿದೆ ಎಂದರು. ನಾನು ಮಾತು ಕೊಟ್ಟ ಹಾಗೆ ಬಿಸಿ ಬಿಸಿ ಬಡಿಸಿದೆ. ನನ್ನೊಂದಿಗೆ ಮಾತು ಆರಂಭಿಸಲು ಅವರಿಗೆ ಮತ್ತೂ ಒಂದು ವರ್ಷ ಬೇಕಾಯಿತು. ಆ ಮೊದಲ ಮಾತು, "ಉಪ್ಪು ಕಡಿಮೆ" ಎಂಬುದು.

ಮಾಮಿಯೂ ಒಪ್ಪಲಿಲ್ಲ. ಮಗ ಬೇಗ ಬರುವುದರಿಂದ ಅವರು ಕಾಯಬೇಕಾದ ಕೆಲಸವಿರಲಿಲ್ಲ, ಆದರೂ ಅಭ್ಯಾಸದ ಮೇಲೆ ಎಷ್ಟೋ ದಿನ ಜಗಲಿಯಲ್ಲಿ ಕೂತಿರುತ್ತಿದ್ದರು. ಆಮೇಲೆ ಮಂಡಿನೋವು ಎಂಬ ನೆಪ ಸಿಕ್ಕಿತು. "ನನಗೆ ಮಂಡಿನೋವು, ಅದಕ್ಕೇ ಬೇಗ ಮಲಗುವುದು. ಅವಳ ಹಾಗೆ ಅಲ್ಲ" ಎಂದು ಎಲ್ಲರಿಗೂ ಹೇಳುತ್ತಿದ್ದರು. ಸಂಜೆಯ ಕಾಫಿಗೆ ಬದಲು ಜೀರಿಗೆಯ ಬಿಸಿನೀರು ಕುಡಿಯತೊಡಗಿದರು, ಅದೂ ಮಂಡಿಗಾಗಿ.

ಎಂಬತ್ತರ ದಶಕದಲ್ಲಿ ಮಗಳು ಹುಟ್ಟಿದಾಗ ನನ್ನ ಕ್ರಮವೆಲ್ಲ ಮುರಿದುಬಿತ್ತು. ಪಕ್ಕದ ಮನೆಯಾಕೆ ಬಂದು, "ಈಗ ಹೇಗೆ ಮಲಗ್ತಿ ನೋಡುವ" ಎಂದು ಕೈ ತಟ್ಟಿ ನಕ್ಕಳು. ಮಲಗಿದೆ. ಮಗು ಹಾಲು ಬಿಟ್ಟ ಮೇಲೆ ಒಂದು ರಾತ್ರಿ ನಾನು ಎದ್ದರೆ, ಮರು ರಾತ್ರಿ ನನ್ನ ಗಂಡ ಎದ್ದರು. ತೊಟ್ಟಿಲು ತೂಗುವ ಗಂಡಸು ಎಂದು ಅವರ ಕಚೇರಿಯಲ್ಲಿ ಹಾಸ್ಯ ಮಾಡಿದರು. ಅವರು ಅದನ್ನು ಮನೆಗೆ ಬಂದು ಹೇಳಿದರೇ ಹೊರತು ಮರುದಿನ ಏಳುವುದನ್ನು ಬಿಡಲಿಲ್ಲ.

ಆಮೇಲೆ ಭಾವ ಟಿ.ವಿ. ತಂದರು. ಆ ಬೀದಿಗೆಲ್ಲ ಅದೇ ಮೊದಲನೆಯದು, ವಾರದ ಸಿನಿಮಾಕ್ಕೆ ಅರ್ಧ ಬೀದಿ ನಮ್ಮ ಚಾವಡಿಯಲ್ಲಿ. ನನ್ನ ಕೋಣೆಯ ಗೋಡೆಗೆ ತಾಗಿಯೇ ಅದನ್ನಿಟ್ಟಿದ್ದರು. ಒಂದು ವಾರ ಸಹಿಸಿದೆ. ಆಮೇಲೆ ಶನಿವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಪರಿಚಯದ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಆಂಟೆನಾದ ವಯರನ್ನು ಎಳೆಸಿ, ಪೆಟ್ಟಿಗೆಯನ್ನು ಆಚೆ ಬದಿಯ ಗೋಡೆಗೆ ಮಾಡಿಸಿದೆ. ಭಾವ ಬಂದು ನೋಡಿ, "ಯಾರನ್ನು ಕೇಳಿ ಮಾಡಿದ್ದು?" ಎಂದರು.

"ಯಾರನ್ನೂ ಕೇಳ್ಲಿಲ್ಲ. ಚಿತ್ರ ಬರ್ತದೋ ಇಲ್ವೋ ನೋಡಿ" ಎಂದೆ.

ಬಂತು. ಮೊದಲಿಗಿಂತ ಸ್ಪಷ್ಟವಾಗಿಯೇ ಬಂತು. ಅವರು ಕೂತು ನೋಡಿದರು.

ಮುಂದಿನ ಫೆಬ್ರವರಿಯಲ್ಲಿ ಹೂಡೆ ಕಡೆಯ ನೆಂಟರೊಬ್ಬರು ಮದುವೆಗೆ ಕರೆಯಲು ಬಂದಿದ್ದರು. ಹತ್ತಾರು ಮನೆ ಸುತ್ತಿ ನಮ್ಮಲ್ಲಿಗೆ ಬರುವಾಗ ಹೊತ್ತಾಗಿತ್ತು. ನಾನು ಮಲಗಿ ನಿದ್ದೆ ಹೋಗಿದ್ದೆ. ಮರುದಿನ ಬೆಳಗ್ಗೆ ನನ್ನ ಗಂಡ ನಗುತ್ತ ಹೇಳಿದ್ದಿದು. ನೆಂಟರು ಕೂತದ್ದೇ, "ನಿಮ್ಮ ಸೊಸೆ ಎಲ್ಲಿ?" ಎಂದು ಕೇಳಿದರಂತೆ.

"ಮಲಗಿದ್ದಾಳೆ" ಎಂದರಂತೆ ಮಾಮಿ.

"ಇಷ್ಟು ಬೇಗವಾ? ಎಬ್ಬಿಸಿ, ಕರೆದು ಹೋಗ್ತೇನೆ."

"ಎಬ್ಬಿಸ್ಲಿಕ್ಕಿಲ್ಲ. ಬೆಳಗ್ಗೆ ಅವಳಿಗೆ ಶಾಲೆ ಉಂಟು. ಮದುವೆ ಕಾಗದ ನನ್ನ ಕೈಯಲ್ಲಿ ಕೊಡಿ, ನಾನೂ ಈಗ ಮಲಗುವವಳೇ."

ನೆಂಟರಿಗೆ ಸ್ವಲ್ಪ ಕೋಪ ಬಂದಿರಬೇಕು. ಎದ್ದು ನಿಂತೇ ಒಂದು ಲೋಟ ನೀರು ಕುಡಿದು ಹೊರಟರಂತೆ. ಮದುವೆಗೆ ನಾವೆಲ್ಲ ಹೋದೆವು. ಅಲ್ಲಿ ಪಂಕ್ತಿಯಲ್ಲಿ ಒಬ್ಬಾಕೆ ನನ್ನನ್ನು ತೋರಿಸಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ನಕ್ಕರು. ನಾನು ಪಾಯಸ ಇನ್ನೊಂದು ಸಲ ಹಾಕಿಸಿಕೊಂಡೆ.